ಸೋಲುತ್ತಿರುವ ಕಾಲೇಜು ತಂಡದ ಬಾಸ್ಕೆಟ್‌ಬಾಲ್ ಪಂದ್ಯಕ್ಕೆ ಜನ ಸೇರಿಸುವುದು ಹೇಗೆ?

ನಮ್ಮ ಎಷ್ಟೋ ಕಾಲೇಜುಗಳಲ್ಲಿ ಬಾಸ್ಕೆಟ್‌ಬಾಲ್ ಕೋರ್ಟ್ ಇದೆ, ತಂಡ ಇದೆ, ಬೆಳಿಗ್ಗೆ ಆರಕ್ಕೇ ಬಂದು ಬೆವರು ಹರಿಸುವ ಹುಡುಗ ಹುಡುಗಿಯರಿದ್ದಾರೆ. ನೋಡುವವರು ಮಾತ್ರ ಇಲ್ಲ. ಪಂದ್ಯದ ದಿನ ಕೋರ್ಟಿನ ಸುತ್ತ ಯಾರಿರುತ್ತಾರೆ ಹೇಳಿ? ಬದಲಿ ಆಟಗಾರರು, ಎರಡು ತಂಡದ ಕೋಚ್‌ಗಳು, ಸ್ಕೋರ್ ಬರೆಯುವವರು, ಕ್ಯಾಂಟೀನಿಗೆ ಹೋಗುವ ದಾರಿಯಲ್ಲಿ ಎರಡು ನಿಮಿಷ ನಿಂತು ಹೋಗುವ ನಾಲ್ಕು ಜನ. ಯಾಕೆ ಹೀಗೆ ಅಂತ ಕೇಳಿದರೆ ಸಿಗುವ ಉತ್ತರ ಒಂದೇ: "ಮೊದಲು ಟೀಮ್ ಗೆಲ್ಲಲಿ, ಆಮೇಲೆ ಜನ ತಾನಾಗಿಯೇ ಬರ್ತಾರೆ."

ನಾನು ಇದನ್ನು ಒಪ್ಪುವುದಿಲ್ಲ. ಜನ ಬರುವುದು ತಮಗೆ ಗೊತ್ತಿರುವವರನ್ನು ನೋಡಲು. ಪಕ್ಕದ ಬೆಂಚಿನವನು ಆಡುತ್ತಿದ್ದರೆ ಸೋಲುವ ಪಂದ್ಯವನ್ನೂ ಕೊನೆಯವರೆಗೆ ನೋಡುತ್ತೇವೆ, ಅಲ್ವಾ? ಯಾರೆಂದೇ ಗೊತ್ತಿಲ್ಲದ ತಂಡ ಕಪ್ ತಂದರೂ ನೋಟಿಸ್ ಬೋರ್ಡಿನ ಮುಂದೆ ಅರ್ಧ ನಿಮಿಷ ನಿಂತು ಮುಂದೆ ಹೋಗುತ್ತೇವೆ.

ಅಮೆರಿಕದ ಸೌತ್ ಕೆರೊಲಿನಾ ವಿಶ್ವವಿದ್ಯಾಲಯದ ಮಹಿಳಾ ತಂಡದ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ಆಟಗಾರ್ತಿಯಾಗಿ ಮೂರು ಒಲಿಂಪಿಕ್ ಚಿನ್ನ ಗೆದ್ದ ಡಾನ್ ಸ್ಟೇಲಿ 2008ರಲ್ಲಿ ಅಲ್ಲಿಗೆ ಕೋಚ್ ಆಗಿ ಬಂದರು. ಮೊದಲ ಸೀಸನ್‌ನಲ್ಲಿ 10 ಗೆಲುವು, 18 ಸೋಲು. ಆಡುವ ಅಂಗಳದಲ್ಲಿ ಸುಮಾರು 18 ಸಾವಿರ ಸೀಟು. 2014-15ರ ಸೀಸನ್ ಬರುವಷ್ಟರಲ್ಲಿ ಇಡೀ ದೇಶದ ಮಹಿಳಾ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಅತಿ ಹೆಚ್ಚು ಜನ ಸೇರುವ ತಂಡ ಅದಾಗಿತ್ತು, ಮುಂದೆ ವರ್ಷಾನುಗಟ್ಟಲೆ ಹಾಗೆಯೇ ಉಳಿಯಿತು. ರಾಷ್ಟ್ರೀಯ ಚಾಂಪಿಯನ್ ಪಟ್ಟ ಮೊದಲ ಸಲ ಬಂದದ್ದು 2017ರಲ್ಲಿ. ನಡುವೆ ತಂಡ ಗೆಲ್ಲಲು ಶುರುಮಾಡಿತ್ತು ನಿಜ, ಆದರೆ ಕಪ್ ಬರುವ ಮೊದಲೇ ಜನ ಬಂದಿದ್ದರು. ಸ್ಟೇಲಿ ಆ ಊರಿನ ಜನರ ಜೊತೆ ಬೆರೆತರು, ನೋಡಲು ಬಂದವರನ್ನು ಮನೆಯವರ ಹಾಗೆ ಕಂಡರು. ಅದನ್ನು ವರ್ಷಗಟ್ಟಲೆ ಬಿಡದೆ ಮಾಡಿದರು.

ಅಷ್ಟು ದುಡ್ಡು, ಅಷ್ಟು ದೊಡ್ಡ ಅಂಗಳ ನಮಗಿಲ್ಲ. ಸಿಮೆಂಟ್ ಕೋರ್ಟ್, ಒಂದು ಬದಿಗೆ ನಾಲ್ಕು ಮೆಟ್ಟಿಲು, ಎರಡು ಫ್ಲಡ್‌ಲೈಟ್ ಇರುವ ಕಾಲೇಜನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ದೈಹಿಕ ಶಿಕ್ಷಣ ನಿರ್ದೇಶಕರು (ಪಿ.ಡಿ.), ತಂಡದ ಕ್ಯಾಪ್ಟನ್, ಸ್ಟೂಡೆಂಟ್ ಕೌನ್ಸಿಲ್‌ನವರು, ಹಳೆಯ ವಿದ್ಯಾರ್ಥಿಗಳು, ಯಾರು ಬೇಕಾದರೂ ಶುರುಮಾಡಬಹುದು.

ಮೊದಲು: ಬಾರದವರನ್ನು ಕೇಳಿ

ಪಂದ್ಯಕ್ಕೆ ಬಂದವರನ್ನು ಕೇಳಿ ಉಪಯೋಗವಿಲ್ಲ, ಅವರು ಹೇಗಿದ್ದರೂ ಬಂದಿದ್ದಾರೆ. ಕ್ಯಾಂಟೀನ್, ಲೈಬ್ರರಿ, ಬಸ್ ನಿಲ್ಲುವ ಜಾಗಕ್ಕೆ ಹೋಗಿ, ಬೇರೆ ಬೇರೆ ವಿಭಾಗದ ಮೂವತ್ತು ಜನರನ್ನು ಮಾತನಾಡಿಸಿ. ಕೇಳಬೇಕಾದ್ದು ಎರಡೇ ಪ್ರಶ್ನೆ. ಹೋದ ಪಂದ್ಯ ಯಾವಾಗ ಇತ್ತು ಅಂತ ಗೊತ್ತಿತ್ತಾ? ಗೊತ್ತಿದ್ದೂ ಯಾಕೆ ಬರಲಿಲ್ಲ?

"ಟೀಮ್ ಚೆನ್ನಾಗಿಲ್ಲ" ಅನ್ನುವವರು ನೀವು ಅಂದುಕೊಂಡಷ್ಟು ಸಿಗುವುದಿಲ್ಲ. ಪಂದ್ಯ ಇದೆ ಅಂತಲೇ ಗೊತ್ತಿರಲಿಲ್ಲ, ಆ ಹೊತ್ತಿಗೆ ಕ್ಲಾಸ್ ಇತ್ತು, ಬಸ್ ಹೊರಟುಬಿಡುತ್ತದೆ, ಬಿಸಿಲು, ಕೂರಲು ಜಾಗ ಇಲ್ಲ, ರೂಲ್ಸ್ ಗೊತ್ತಿಲ್ಲ, ಒಬ್ಬಳೇ ಹೋಗಿ ನಿಲ್ಲಲು ಮುಜುಗರ. ಇವನ್ನೆಲ್ಲ ಬರೆದಿಟ್ಟುಕೊಳ್ಳಿ. ಒಂದೊಂದಕ್ಕೂ ಪರಿಹಾರ ಇದೆ, ಮತ್ತು ಅವುಗಳಲ್ಲಿ ಯಾವುದಕ್ಕೂ ಹೊಸ ಆಟಗಾರರು ಬೇಕಿಲ್ಲ.

ಮನೆಯಂಗಳದ ಪಂದ್ಯವೇ ಇಲ್ಲದಿದ್ದರೆ ಅದನ್ನು ಹುಟ್ಟಿಸಿ

ದೊಡ್ಡ ಕೆಲಸ ಇದೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಮ್ಮಲ್ಲಿ ಕಾಲೇಜು ಬಾಸ್ಕೆಟ್‌ಬಾಲ್ ನಡೆಯುವ ರೀತಿ ನೋಡಿ. ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಾವಳಿ ಅಂದರೆ ಯಾವುದೋ ಒಂದು ಕಾಲೇಜು ಆತಿಥ್ಯ ವಹಿಸುತ್ತದೆ, ಎರಡು ಮೂರು ದಿನದಲ್ಲಿ ಎಲ್ಲ ಪಂದ್ಯ ಮುಗಿಸಬೇಕು, ಬೆಳಿಗ್ಗೆಯಿಂದ ಒಂದರ ಹಿಂದೆ ಒಂದು ಪಂದ್ಯ, ನಾಕೌಟ್ ಆದರೆ ಒಂದು ಸಲ ಸೋತವರು ಬ್ಯಾಗ್ ಹೆಗಲಿಗೇರಿಸಿ ಬಸ್ ಹತ್ತಬೇಕು. ಅಂದರೆ ನಿಮ್ಮ ತಂಡ ಇಡೀ ವರ್ಷ ನಿಮ್ಮದೇ ಕೋರ್ಟಿನಲ್ಲಿ, ನಿಮ್ಮದೇ ಹುಡುಗರ ಮುಂದೆ ಒಂದು ಪಂದ್ಯವನ್ನೂ ಆಡದೇ ಇರಬಹುದು. ಆಡಿದರೂ ಅದು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ. ಆ ಹೊತ್ತಿಗೆ ಯಾರು ಬರಬೇಕು? ಅಮೆರಿಕದ ಕಾಲೇಜು ತಂಡ ಒಂದು ಸೀಸನ್‌ನಲ್ಲಿ ಮೂವತ್ತರ ಆಸುಪಾಸು ಪಂದ್ಯ ಆಡುತ್ತದೆ. ಅದರಲ್ಲಿ ಸುಮಾರು ಅರ್ಧ ಸ್ವಂತ ಅಂಗಳದಲ್ಲೇ, ದಿನ ಮತ್ತು ಸಮಯ ವಾರಗಳ ಮೊದಲೇ ಗೊತ್ತಿರುತ್ತದೆ. ಅಲ್ಲಿ ಅಭಿಮಾನ ಬೆಳೆಯಲು ಜಾಗ ಇದೆ. ನಮ್ಮಲ್ಲಿ ಆ ಜಾಗವನ್ನು ನಾವೇ ಮಾಡಬೇಕು.

ಅಕ್ಕಪಕ್ಕದ ಮೂರು ಕಾಲೇಜುಗಳ ಪಿ.ಡಿ.ಗಳ ಜೊತೆ ಮಾತನಾಡಿ. ನಿಮ್ಮದೂ ಸೇರಿ ನಾಲ್ಕು ತಂಡ. ಪ್ರತಿ ತಂಡ ಉಳಿದ ಮೂರರ ಜೊತೆ ಎರಡೆರಡು ಸಲ ಆಡಲಿ, ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ. ಹಾಗೆ ಮಾಡಿದರೆ ಪ್ರತಿ ಕಾಲೇಜಿಗೂ ಆರು ಪಂದ್ಯ, ಅದರಲ್ಲಿ ಮೂರು ಸ್ವಂತ ಕೋರ್ಟಿನಲ್ಲಿ. ಒಂದು ಸೆಮಿಸ್ಟರ್‌ಗೆ ಇದು ಸರಿಯಾದ ಲೆಕ್ಕ. ಜಾಸ್ತಿ ಇಟ್ಟುಕೊಂಡರೆ ಇಂಟರ್ನಲ್ಸ್ ಪರೀಕ್ಷೆ ಅಡ್ಡ ಬರುತ್ತದೆ, ಕಡಿಮೆ ಇಟ್ಟುಕೊಂಡರೆ ಜನ ಮರೆಯುತ್ತಾರೆ. ಬೆಂಗಳೂರಿನಲ್ಲಾದರೆ ಒಂದೇ ಏರಿಯಾದ ಕಾಲೇಜುಗಳನ್ನೇ ಸೇರಿಸಿ. ಸಂಜೆ ಟ್ರಾಫಿಕ್‌ನಲ್ಲಿ ಊರಿನ ಆ ತುದಿಯಿಂದ ಈ ತುದಿಗೆ ತಂಡ ಬರುವಷ್ಟರಲ್ಲಿ ನೋಡಲು ಬಂದವರು ಮನೆಗೆ ಹೋಗಿರುತ್ತಾರೆ.

ಖರ್ಚು ಏನೇನು? ರೆಫರಿಗಳ ಫೀಸು, ಎದುರು ತಂಡಕ್ಕೆ ಕಾಫಿ ತಿಂಡಿ, ನೀರು, ಫಸ್ಟ್ ಏಡ್, ಪ್ರಯಾಣ. ರೆಫರಿಗಳನ್ನು ಜಿಲ್ಲಾ ಬಾಸ್ಕೆಟ್‌ಬಾಲ್ ಸಂಸ್ಥೆಯ ಮೂಲಕವೇ ಕರೆಸಿ. ಯಾರೋ ಹಳೆಯ ಆಟಗಾರರ ಕೈಗೆ ಸೀಟಿ ಕೊಟ್ಟು ನಿಲ್ಲಿಸಿದರೆ ಎರಡನೇ ಪಂದ್ಯಕ್ಕೇ ಜಗಳ ಶುರುವಾಗುತ್ತದೆ, ಆಮೇಲೆ ಎದುರು ಕಾಲೇಜು ಬರುವುದನ್ನೇ ನಿಲ್ಲಿಸುತ್ತದೆ. ಈ ಒಂದು ಖರ್ಚಿನಲ್ಲಿ ಉಳಿತಾಯ ಮಾಡಬೇಡಿ.

ದಿನ, ಹೊತ್ತು

ವಾರದ ಒಂದೇ ದಿನ, ಒಂದೇ ಹೊತ್ತು. "ಶುಕ್ರವಾರ ಸಂಜೆ ಅಂದ್ರೆ ಬಾಸ್ಕೆಟ್‌ಬಾಲ್" ಅಂತ ಬಾಯಿಗೆ ಬಂದುಬಿಡಬೇಕು. ಈ ಸಲ ಬುಧವಾರ, ಮುಂದಿನ ಸಲ ಶನಿವಾರ ಅಂತ ಮಾಡಿದರೆ ಪ್ರತಿ ಸಲವೂ ಶೂನ್ಯದಿಂದಲೇ ಶುರು.

ಇಲ್ಲಿ ಎರಡು ಗೋಡೆ ಎದುರಾಗುತ್ತವೆ. ಮೊದಲನೆಯದು ಕಾಲೇಜ್ ಬಸ್. ನಾಲ್ಕೂವರೆಗೆ ಬಸ್ ಹೊರಡುತ್ತದೆ ಅಂದರೆ ಡೇ ಸ್ಕಾಲರ್‌ಗಳು ಅಷ್ಟೂ ಜನ ಹೋದರು ಅಂತಲೇ ಲೆಕ್ಕ. ಹತ್ತು ನಿಮಿಷದ ನಾಲ್ಕು ಕ್ವಾರ್ಟರ್, ನಡುವಿನ ವಿರಾಮ, ಟೈಮ್ ಔಟ್, ಎಲ್ಲ ಸೇರಿ ಒಂದು ಪಂದ್ಯಕ್ಕೆ ಒಂದೂವರೆ ಗಂಟೆ ಹಿಡಿಯುತ್ತದೆ. ಟ್ರಾನ್ಸ್‌ಪೋರ್ಟ್ ನೋಡಿಕೊಳ್ಳುವವರ ಹತ್ತಿರ ಹೋಗಿ, ಸೆಮಿಸ್ಟರ್‌ನಲ್ಲಿ ಮೂರೇ ಮೂರು ದಿನ, ಎಲ್ಲ ಬಸ್ಸೂ ಬೇಡ, ದೊಡ್ಡ ರೂಟುಗಳ ಎರಡು ಬಸ್ ಮಾತ್ರ ಆರೂಕಾಲಿಗೆ ಹೊರಡಲಿ ಅಂತ ಕೇಳಿ. ದಿನಾಂಕ ಬರೆದ ಪತ್ರ ಪ್ರಿನ್ಸಿಪಾಲರ ಸಹಿಯೊಂದಿಗೆ ಮೊದಲೇ ಹೋಗಲಿ. ಪಂದ್ಯದ ಹಿಂದಿನ ದಿನ ಕೇಳಿದರೆ ಯಾರೂ ಒಪ್ಪುವುದಿಲ್ಲ, ಡ್ರೈವರ್‌ಗಳಿಗೂ ಮನೆ ಮಠ ಇದೆ.

ಎರಡನೆಯದು ಲೇಡೀಸ್ ಹಾಸ್ಟೆಲ್ ಗೇಟ್. ಆರೂವರೆಗೋ ಏಳಕ್ಕೋ ಒಳಗಿರಬೇಕು ಅನ್ನುವ ಕಡೆ ಆರು ಗಂಟೆಗೆ ಪಂದ್ಯ ಇಟ್ಟರೆ ಕಾಲೇಜಿನ ಅರ್ಧ ಪ್ರೇಕ್ಷಕರನ್ನು ನೀವೇ ಹೊರಗಿಟ್ಟ ಹಾಗೆ. ವಾರ್ಡನ್ ಮೇಡಂ ಜೊತೆ ಕೂತು ಮಾತನಾಡಿ. ಪಂದ್ಯದ ದಿನ ಒಂದು ಗಂಟೆ ಹೆಚ್ಚಿಗೆ ಸಮಯ, ಹೆಸರು ಬರೆದ ಪಟ್ಟಿ, ಕೋರ್ಟಿನಿಂದ ಹಾಸ್ಟೆಲ್‌ವರೆಗೆ ಬೆಳಕು, ಜೊತೆಗೆ ಒಬ್ಬ ಮಹಿಳಾ ಅಧ್ಯಾಪಕರು. ಇಷ್ಟು ಇದ್ದರೆ ಒಪ್ಪುತ್ತಾರೆ. ಆ ಮೇಡಂ ಅವರನ್ನೇ ಮೊದಲ ಪಂದ್ಯಕ್ಕೆ ಕರೆಯಿರಿ, ಮುಂದಿನ ಸಲ ಕೇಳುವ ಕೆಲಸವೇ ಇರುವುದಿಲ್ಲ.

ಇಂಟರ್ನಲ್ಸ್ ವೇಳಾಪಟ್ಟಿ ನೋಡಿಯೇ ದಿನಾಂಕ ಹಾಕಿ. ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸೋಫಾ ಹಿಂದಕ್ಕೆ, ಹುಡುಗರು ಮುಂದಕ್ಕೆ

ನಮ್ಮ ಪಂದ್ಯಗಳಲ್ಲಿ ಕೋರ್ಟಿನ ಗೆರೆಯ ಪಕ್ಕದಲ್ಲೇ ಒಂದು ಶಾಮಿಯಾನ, ಅದರಡಿಯಲ್ಲಿ ಕೆಂಪು ಬಟ್ಟೆ ಹೊದಿಸಿದ ಸೋಫಾ, ಟೀಪಾಯಿ ಮೇಲೆ ನೀರಿನ ಬಾಟಲಿ, ಗೋಡಂಬಿ ತಟ್ಟೆ. ಮುಖ್ಯ ಅತಿಥಿಗಳು ಉದ್ಘಾಟನೆ ಮುಗಿಸಿ ಹತ್ತು ನಿಮಿಷಕ್ಕೆ ಹೊರಡುತ್ತಾರೆ. ಉಳಿದ ಒಂದೂಕಾಲು ಗಂಟೆ ಆ ಸೋಫಾ ಖಾಲಿ. ಪಂದ್ಯ ನೋಡಲು ಬಂದ ಹುಡುಗರು ಮಾತ್ರ ದೂರದ ಬೇಲಿಯ ಹಿಂದೆ ನಿಂತು ಕತ್ತು ಉದ್ದ ಮಾಡುತ್ತಿರುತ್ತಾರೆ.

ಡ್ಯೂಕ್ ವಿಶ್ವವಿದ್ಯಾಲಯದ ಕ್ಯಾಮರೂನ್ ಒಳಾಂಗಣ 1940ರಲ್ಲಿ ಶುರುವಾದದ್ದು, ಸೀಟು 9,314 ಮಾತ್ರ. ಅಮೆರಿಕದ ಲೆಕ್ಕದಲ್ಲಿ ಅದು ಚಿಕ್ಕದೇ. ಆದರೂ ಎದುರು ತಂಡಗಳು ಅಲ್ಲಿಗೆ ಹೋಗಲು ಹೆದರುತ್ತವೆ, ಯಾಕೆಂದರೆ ವಿದ್ಯಾರ್ಥಿಗಳನ್ನು ಕೋರ್ಟಿನ ಅಂಚಿಗೇ ನಿಲ್ಲಿಸುತ್ತಾರೆ, ಸೈಡ್‌ಲೈನ್‌ನಿಂದ ಬಾಲ್ ಒಳಕ್ಕೆ ಹಾಕುವ ಆಟಗಾರನ ಬೆನ್ನಿಗೆ ಅವರ ಉಸಿರು ತಾಗುವಷ್ಟು ಹತ್ತಿರ. ದೊಡ್ಡ ಪಂದ್ಯಗಳಿಗೆ ಜಾಗ ಹಿಡಿಯಲು ವಿದ್ಯಾರ್ಥಿಗಳು ವಾರಗಟ್ಟಲೆ ಹೊರಗೆ ಟೆಂಟ್ ಹಾಕಿ ಮಲಗುವುದುಂಟು.

ಹಾಗಾಗಿ ಸೋಫಾವನ್ನು ಹಿಂದಕ್ಕೆ ಹಾಕಿ. ಕೋರ್ಟಿನ ಉದ್ದ 28 ಮೀಟರ್, ಎರಡು ಬದಿ. ಒಂದು ಬದಿಯಲ್ಲಿ ತಂಡಗಳ ಬೆಂಚು ಮತ್ತು ಸ್ಕೋರ್ ಟೇಬಲ್ ಇರುತ್ತದೆ. ಇನ್ನೊಂದು ಬದಿಯಲ್ಲಿ, ಗೆರೆಯಿಂದ ಎರಡು ಮೀಟರ್ ಬಿಟ್ಟು (ಆಟಗಾರ ಓಡಿ ಬಂದು ಬಿದ್ದರೆ ಯಾರಿಗೂ ಪೆಟ್ಟಾಗಬಾರದು), ಮೊದಲ ಸಾಲಿಗೆ ಜಮಖಾನ ಹಾಸಿ, ಅದರ ಹಿಂದೆ ಕ್ಲಾಸಿನ ಬೆಂಚು, ಅದರ ಹಿಂದೆ ನಿಲ್ಲುವವರು. ಉಳಿದ ಬದಿಗಳನ್ನು ಮೊದಮೊದಲು ಹಗ್ಗ ಕಟ್ಟಿ ಮುಚ್ಚಿಬಿಡಿ. ಎಂಬತ್ತು ಜನ ನಾಲ್ಕು ದಿಕ್ಕಿಗೆ ಚದುರಿ ನಿಂತರೆ ಯಾರೂ ಬಂದಿಲ್ಲ ಅನ್ನಿಸುತ್ತದೆ. ಅದೇ ಎಂಬತ್ತು ಜನ ಒಂದೇ ಬದಿಯಲ್ಲಿ ಹೆಗಲಿಗೆ ಹೆಗಲು ತಾಗಿಸಿ ಕೂತರೆ ಗದ್ದಲ ಲೈಬ್ರರಿಗೆ ಕೇಳಿಸುತ್ತದೆ, ಅಲ್ಲಿಂದ ಇನ್ನಿಪ್ಪತ್ತು ಜನ ಎದ್ದು ಬರುತ್ತಾರೆ.

ಭಾಷಣ ಬೇಡವೇ ಬೇಡ ಅಂದರೆ ಆಡಳಿತ ಮಂಡಳಿಗೆ ಬೇಜಾರಾಗುತ್ತದೆ. ಎರಡು ನಿಮಿಷ ಭಾಷಣ ಇರಲಿ, ಆಮೇಲೆ ಅತಿಥಿಗಳಿಂದಲೇ ಒಂದು ಫ್ರೀ ಥ್ರೋ (ಯಾರೂ ಅಡ್ಡ ಬಾರದೆ, ಗೆರೆಯ ಹಿಂದೆ ನಿಂತು ಬುಟ್ಟಿಗೆ ಎಸೆಯುವುದು) ಹಾಕಿಸಿ. ಬಿದ್ದರೂ ಚಪ್ಪಾಳೆ, ಬೀಳದಿದ್ದರೂ ಚಪ್ಪಾಳೆ. ಅವರಿಗೂ ಖುಷಿ, ಜನರಿಗೂ ಖುಷಿ.

ಆಟಗಾರರು ಯಾರು ಅಂತ ಕಾಲೇಜಿಗೆ ತಿಳಿಸಿ

ಬರೀ "ಎಲ್ಲರಿಗೂ ಸ್ವಾಗತ" ಅಂತ ಪೋಸ್ಟರ್ ಹಾಕಿದರೆ ಯಾರೂ ಬರುವುದಿಲ್ಲ. ಒಬ್ಬೊಬ್ಬ ಆಟಗಾರರದ್ದೂ ಒಂದೊಂದು ಪೋಸ್ಟರ್ ಮಾಡಿ. ಫೋಟೋ, ಜೆರ್ಸಿ ನಂಬರ್, ವಿಭಾಗ, ಸೆಮಿಸ್ಟರ್, ಊರು. ಅದನ್ನು ಅವರದೇ ವಿಭಾಗದ ನೋಟಿಸ್ ಬೋರ್ಡಿಗೆ, ಅವರದೇ ಹಾಸ್ಟೆಲ್ ಬಾಗಿಲಿಗೆ ಅಂಟಿಸಿ. ಸಿವಿಲ್ ಐದನೇ ಸೆಮ್‌ನ ಹುಡುಗಿಯೊಬ್ಬಳು ಪಾಯಿಂಟ್ ಗಾರ್ಡ್ (ಬಾಲ್ ತಂದು ಆಟ ನಡೆಸುವವಳು) ಅಂತ ಗೊತ್ತಾದರೆ ಇಡೀ ಕ್ಲಾಸ್ ಒಮ್ಮೆ ಬಂದು ನೋಡುತ್ತದೆ. ಊರಿನ ಹೆಸರು ಮರೆಯದೆ ಹಾಕಿ. ಒಂದೇ ತಾಲೂಕಿನವರು ಅಂದ ತಕ್ಷಣ ನಮ್ಮಲ್ಲಿ ಎಷ್ಟು ಬೇಗ ಆಪ್ತತೆ ಬರುತ್ತದೆ ಅಂತ ನಿಮಗೂ ಗೊತ್ತು.

ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಕೇಟ್ಲಿನ್ ಕ್ಲಾರ್ಕ್ ಆಡುತ್ತಿದ್ದಾಗ ಆದದ್ದೂ ಇದೇ. ಆಕೆಯ ಆಟ ಅಪರೂಪದ್ದು, ಆ ಮಾತು ಬೇರೆ. ಆದರೆ ಆಕೆ ಅದೇ ರಾಜ್ಯದಲ್ಲಿ ಬೆಳೆದ ಹುಡುಗಿ, ಆಡಲು ಆರಿಸಿಕೊಂಡದ್ದೂ ತನ್ನ ರಾಜ್ಯದ ತಂಡವನ್ನೇ. 2023ರ ಅಕ್ಟೋಬರ್‌ನಲ್ಲಿ ಆ ತಂಡ ಡಿಪಾಲ್ ವಿಶ್ವವಿದ್ಯಾಲಯದ ವಿರುದ್ಧದ ಒಂದು ಪ್ರದರ್ಶನ ಪಂದ್ಯವನ್ನು ಫುಟ್‌ಬಾಲ್ ಸ್ಟೇಡಿಯಂನಲ್ಲಿ, ಬಯಲಲ್ಲಿ ಕೋರ್ಟ್ ಹಾಸಿ ಆಡಿತು. 55,646 ಜನ ಸೇರಿದರು, ಮಹಿಳಾ ಬಾಸ್ಕೆಟ್‌ಬಾಲ್‌ಗೆ ಅದೇ ದಾಖಲೆ. ಅದು ಯಾವ ಟ್ರೋಫಿಯೂ ಇಲ್ಲದ ಪಂದ್ಯ.

ಇನ್‌ಸ್ಟಾಗ್ರಾಂ ಬೇಕು, ಆದರೆ ಡಂಕ್, ಸ್ಲೋ ಮೋಷನ್, ಬೆಂಕಿ ಇಮೋಜಿ ಅಷ್ಟೇ ಸಾಲದು. ಆಟಗಾರರು ಮಾತನಾಡುವ ಮೂವತ್ತು ಸೆಕೆಂಡಿನ ರೀಲ್ ಹಾಕಿ. ಬೆಳಿಗ್ಗೆ ಎಷ್ಟಕ್ಕೆ ಏಳುತ್ತಾರೆ, ಮೊದಲ ಶೂ ಯಾರು ಕೊಡಿಸಿದರು, ಮಂಡಿಗೆ ಯಾಕೆ ಆ ಪಟ್ಟಿ. ಅವರವರ ಮಾತಿನಲ್ಲೇ, ಧಾರವಾಡದವರು ಧಾರವಾಡದ ಹಾಗೆ, ಮಂಗಳೂರಿನವರು ಮಂಗಳೂರಿನ ಹಾಗೆ. ಪಂದ್ಯದ ಸುದ್ದಿಯನ್ನು ಮಾತ್ರ ಕ್ಲಾಸ್‌ಗಳ ವಾಟ್ಸಾಪ್ ಗ್ರೂಪಿಗೆ ಸಿ.ಆರ್. (ಕ್ಲಾಸ್ ಪ್ರತಿನಿಧಿ) ಮೂಲಕ ಕಳುಹಿಸಿ. ಕಾಲೇಜಿನ ಅಧಿಕೃತ ಪೇಜಿಗಿಂತ ಸಿ.ಆರ್. ಕಳುಹಿಸಿದ ಎರಡು ಸಾಲಿಗೆ ಬೆಲೆ ಜಾಸ್ತಿ.

ಮೈಕು, ವೀಕ್ಷಕ ವಿವರಣೆ

ಈ ವಿಷಯದಲ್ಲಿ ನಾವು ಅಮೆರಿಕದವರಿಂದ ಕಲಿಯುವುದು ಏನೂ ಇಲ್ಲ. ಹಳ್ಳಿಯ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗೆ ಹೋಗಿ ನೋಡಿ. ಆಟ ಚೆನ್ನಾಗಿರುತ್ತದೆ, ಜೊತೆಗೆ ಮೈಕಿನವರು ಇರುತ್ತಾರೆ. ರೇಡ್‌ಗೆ ಹೋದವನು ಯಾರ ಮಗ, ಯಾವ ಊರು, ಹೋದ ವರ್ಷ ಯಾವ ಟೀಮಿನಲ್ಲಿದ್ದ, ಎಲ್ಲವೂ ಉಸಿರು ತೆಗೆದುಕೊಳ್ಳದೆ ಬರುತ್ತದೆ. ಮಧ್ಯರಾತ್ರಿವರೆಗೆ ಜನ ಎದ್ದು ಹೋಗುವುದಿಲ್ಲ. ನಮ್ಮ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಅದೇ ಇಲ್ಲ. ಕೇಳಿಸುವುದು ಸೀಟಿ, ಶೂ ಉಜ್ಜುವ ಸದ್ದು, ಕೋಚ್‌ನ ಕೂಗು ಅಷ್ಟೇ.

ನಿಮ್ಮ ಕಾಲೇಜಿನಲ್ಲಿ ಮಾತುಗಾರ ಹುಡುಗನೋ ಹುಡುಗಿಯೋ ಒಬ್ಬರು ಇದ್ದೇ ಇರುತ್ತಾರೆ. ನಾಟಕ ತಂಡದಲ್ಲೋ ಎನ್‌ಎಸ್‌ಎಸ್‌ನಲ್ಲೋ ಹುಡುಕಿ. ಅವರಿಗೆ ಎರಡು ಅಭ್ಯಾಸದ ದಿನ ಕೋರ್ಟಿನ ಪಕ್ಕ ಕೂರಿಸಿ ಆಟ ಅರ್ಥ ಮಾಡಿಸಿ. ವಿವರಣೆ ಹೀಗಿರಲಿ: "ಹತ್ತನೇ ನಂಬರ್, ನಮ್ಮ ಬಿ.ಕಾಂ. ಕೊನೆ ವರ್ಷದವರು, ಬಾಲ್ ತಗೊಂಡು ಬರ್ತಾ ಇದ್ದಾರೆ... ಎಡಕ್ಕೆ ಪಾಸ್... ಹದಿನಾಲ್ಕು ಸೆಕೆಂಡ್ ಉಳಿದಿದೆ... ಗೆರೆ ಹೊರಗಿಂದ ಎಸೆದರು, ಬಿತ್ತು! ಮೂರು ಪಾಯಿಂಟ್!"

ಇದರ ನಡುವೆಯೇ ರೂಲ್ಸ್ ಹೇಳಿಬಿಡಬೇಕು, ಪಾಠದ ಹಾಗೆ ಅನ್ನಿಸದಂತೆ. 24 ಸೆಕೆಂಡಿನೊಳಗೆ ಎಸೆಯಬೇಕು. ದೂರದ ಗೆರೆ ಬುಟ್ಟಿಯಿಂದ 6.75 ಮೀಟರ್, ಅದರಾಚೆಯಿಂದ ಹಾಕಿದರೆ ಮೂರು. ಒಬ್ಬ ಆಟಗಾರನಿಗೆ ಐದು ಫೌಲ್ ಆದರೆ ಹೊರಗೆ. ಒಂದು ಕ್ವಾರ್ಟರ್‌ನಲ್ಲಿ ತಂಡದ ಫೌಲ್ ನಾಲ್ಕು ದಾಟಿದರೆ ಎದುರಿನವರಿಗೆ ಎರಡು ಫ್ರೀ ಥ್ರೋ. ಇಷ್ಟು ಗೊತ್ತಾದರೆ ಸಾಕು, ಹೊಸಬರೂ ಬೆಂಚಿನ ತುದಿಗೆ ಬಂದು ಕೂರುತ್ತಾರೆ. ನಾಲ್ಕನೇ ಫೌಲ್ ಆದಾಗ ಯಾಕೆ ಎಲ್ಲರೂ "ಹೋ" ಅಂದರು ಅಂತ ತಿಳಿಯದವರಿಗೆ ಆ ಪಂದ್ಯ ಬರೀ ಓಡಾಟವಾಗಿ ಕಾಣುತ್ತದೆ.

ರೆಫರಿಗಳಿಗೆ ಮೊದಲೇ ಹೇಳಿಡಿ. ಅವರು ಕೈ ಎತ್ತಿದರೆ ಮೈಕ್ ಬಂದ್. ಸ್ಪೀಕರ್ ಜನರ ಕಡೆಗೆ ಮುಖ ಮಾಡಿರಲಿ, ತಂಡದ ಬೆಂಚಿನ ಕಡೆಗಲ್ಲ. ಧ್ವನಿವರ್ಧಕಕ್ಕೆ ಅನುಮತಿ ಬೇಕಾದ ಕಡೆ ಠಾಣೆಯಲ್ಲಿ ಒಂದು ಅರ್ಜಿ ಕೊಟ್ಟಿಡಿ.

ಇಪ್ಪತ್ತು ಜನರ ಗುಂಪು ಕಟ್ಟಿ

ಇನ್ನೂರು ಜನರನ್ನು ಒಂದೇ ಸಲ ತರಲು ಹೊರಟರೆ ಕೈಸೋಲುತ್ತದೆ. ಯಾವ ಪಂದ್ಯವನ್ನೂ ತಪ್ಪಿಸದ ಇಪ್ಪತ್ತು ಜನ ಮೊದಲು ಬೇಕು. ಆಟಗಾರರ ರೂಮ್‌ಮೇಟ್‌ಗಳು, ಹೋದ ವರ್ಷ ಸೆಲೆಕ್ಷನ್‌ನಲ್ಲಿ ಸ್ವಲ್ಪದರಲ್ಲಿ ತಪ್ಪಿಹೋದವರು, ತಮಟೆ ಬಾರಿಸುವವರು. ಸೆಲೆಕ್ಷನ್ ಆಗದವರನ್ನು ಮರೆಯಬೇಡಿ, ಆಟದ ಮೇಲೆ ಅವರಿಗಿರುವಷ್ಟು ಪ್ರೀತಿ ಬೇರೆ ಯಾರಿಗೂ ಇರುವುದಿಲ್ಲ. ಇವರಿಗೆ ಒಂದೇ ಬಣ್ಣದ ಟೀ ಶರ್ಟ್ ಕೊಡಿ, ಮೊದಲ ಸಾಲು ಇವರದ್ದು ಅಂತ ಬಿಟ್ಟುಕೊಡಿ. ಘೋಷಣೆಗಳನ್ನು ಅವರೇ ಕಟ್ಟಲಿ. ಫೆಸ್ಟ್‌ನಲ್ಲಿ ಕೂಗುವ ಅದದೇ ಕೂಗು ಬೇಡ. ಒಬ್ಬೊಬ್ಬ ಆಟಗಾರರಿಗೂ ಒಂದೊಂದು ಸಾಲು, ಕನ್ನಡದಲ್ಲಿ, ತಮಟೆಯ ತಾಳಕ್ಕೆ ಕೂರುವ ಹಾಗೆ.

ತಮಾಷೆಗೆ ಮಿತಿ ಇಲ್ಲ. ಅಮೆರಿಕದ ಅರಿಝೋನಾ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 2013ರಲ್ಲಿ ಬುಟ್ಟಿಯ ಹಿಂದೆ ಒಂದು ಪರದೆ ಕಟ್ಟಿದರು. ಎದುರು ತಂಡದವರು ಫ್ರೀ ಥ್ರೋ ಎಸೆಯುವಾಗ ಪರದೆ ಸರಕ್ಕನೆ ಸರಿಯುತ್ತದೆ, ಒಳಗೆ ಏನೋ ಒಂದು ವಿಚಿತ್ರ ವೇಷ. 2016ರಲ್ಲಿ ಒಂದು ದಿನ ಆ ಪರದೆಯ ಹಿಂದಿನಿಂದ ಬಂದದ್ದು ಈಜು ಚಡ್ಡಿ ತೊಟ್ಟ ಒಲಿಂಪಿಕ್ ಈಜುಗಾರ ಮೈಕೆಲ್ ಫೆಲ್ಪ್ಸ್. ಎಸೆಯುತ್ತಿದ್ದ ಹುಡುಗನಿಗೆ ಎರಡೂ ತಪ್ಪಿತು. ಎರಡು ಬಿದಿರು, ಒಂದು ಹಳೆಯ ಬೆಡ್‌ಶೀಟ್ ಇದ್ದರೆ ನಾವೂ ಇದನ್ನು ಮಾಡಬಹುದು. ಒಳಗಿನ ವೇಷ ಯಕ್ಷಗಾನದ್ದಾಗಬಹುದು, ಹುಲಿವೇಷ ಆಗಬಹುದು.

ಬೈಗುಳಕ್ಕೆ ಮಾತ್ರ ಮಿತಿ ಬೇಕು, ಅದನ್ನು ಮೊದಲ ದಿನವೇ ಹೇಳಿ. ಎದುರು ತಂಡದವರ ಬಣ್ಣ, ಮೈಕಟ್ಟು, ಜಾತಿ, ಭಾಷೆ, ಊರು, ಇವುಗಳ ಬಗ್ಗೆ ಒಂದು ಮಾತೂ ಬರಬಾರದು. ಹುಡುಗಿಯರ ಪಂದ್ಯದಲ್ಲಿ ಸೀಟಿ, ಕಮೆಂಟ್ ಮಾಡುವವನನ್ನು ಆ ಇಪ್ಪತ್ತು ಜನರೇ ಎಬ್ಬಿಸಿ ಕಳುಹಿಸಬೇಕು. ಒಂದು ಸಲ ಬಿಟ್ಟರೆ ಮುಂದಿನ ಶುಕ್ರವಾರ ಹುಡುಗಿಯರು ಬರುವುದಿಲ್ಲ, ಅವರಿಲ್ಲದೆ ಈ ಪ್ರಯತ್ನವೇ ನಿಲ್ಲುತ್ತದೆ.

ಹೆಣ್ಣುಮಕ್ಕಳ ಪಂದ್ಯ ಭರ್ತಿಗೆ ಅಲ್ಲ

ಎರಡೂ ತಂಡ ಇದ್ದರೆ ಒಂದೇ ಸಂಜೆ ಎರಡೂ ಪಂದ್ಯ ಇಡಬಹುದು, ಸಮಯ ಸಾಲದಿದ್ದರೆ ವಾರ ಬಿಟ್ಟು ವಾರ. ಆದರೆ ಯಾವಾಗಲೂ ಹುಡುಗಿಯರದ್ದು ಮೊದಲು, ಜನ ಸೇರುವ ಮುಂಚೆ, ಬಿಸಿಲಲ್ಲಿ ಅಂತ ಮಾಡಬೇಡಿ. ಸರದಿ ಬದಲಿಸಿ. ಅದೇ ಮೈಕು, ಅದೇ ತಮಟೆ, ಅಷ್ಟೇ ದೊಡ್ಡ ಪೋಸ್ಟರ್ ಅವರಿಗೂ ಇರಲಿ. 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ಏಷ್ಯಾ ಕಪ್ ಬಿ ವಿಭಾಗದ ಫೈನಲ್ ನಡೆದಾಗ ಭಾರತದ ಮಹಿಳೆಯರು ಕಜಕಸ್ತಾನವನ್ನು 75-73ರಿಂದ ಸೋಲಿಸಿ ಎ ವಿಭಾಗಕ್ಕೆ ಏರಿದರು. ನಮ್ಮ ನಾಡಿನ ನೆಲದಲ್ಲಿ ನಡೆದ ಅಂಥ ಪಂದ್ಯದ ಬಗ್ಗೆ ನಮ್ಮ ಕಾಲೇಜು ಹುಡುಗಿಯರಿಗೇ ಸರಿಯಾಗಿ ಗೊತ್ತಿಲ್ಲ. ವೀಕ್ಷಕ ವಿವರಣೆ ಕೊಡುವವರು ಇದನ್ನು ನೆನಪಿಸಬೇಕು.

ಹಾಫ್ ಟೈಮ್ ಮತ್ತು ಹೈಸ್ಕೂಲ್ ಮಕ್ಕಳು

ನಡುವಿನ ಹದಿನೈದು ನಿಮಿಷ ಖಾಲಿ ಬಿಟ್ಟರೆ ಅರ್ಧ ಜನ ಹೊರಡುತ್ತಾರೆ. ಡಿಜೆ ಬೇಡ, ಅದು ಬಂದರೆ ಜನ ಡಿಜೆಗೇ ಬರುತ್ತಾರೆ. ಅಧ್ಯಾಪಕರು ಮತ್ತು ಆಫೀಸಿನವರ ನಡುವೆ ಫ್ರೀ ಥ್ರೋ ಸ್ಪರ್ಧೆ ಇಡಿ. ಹತ್ತಿರದ ಹೈಸ್ಕೂಲಿನ ಮಕ್ಕಳನ್ನು ಕರೆಸಿ ಐದು ನಿಮಿಷದ ಪುಟ್ಟ ಪಂದ್ಯ ಆಡಿಸಿ. ಒಂದು ಮಗು ಆಡಲು ಬಂದರೆ ಅಪ್ಪ, ಅಮ್ಮ, ಅಜ್ಜಿ, ತಮ್ಮ ಎಲ್ಲರೂ ಬರುತ್ತಾರೆ. ಆ ಮಗು ನಾಳೆ ನಿಮ್ಮ ಕಾಲೇಜಿಗೇ ಸೇರಬಹುದು ಅಂತ ಹೇಳಿದರೆ ಆಡಳಿತ ಮಂಡಳಿಯವರೂ ಬಸ್ ಕಳುಹಿಸಲು ತಯಾರಾಗುತ್ತಾರೆ.

ತಿಂಡಿ ಸ್ಟಾಲ್ ಒಂದೇ ಸಾಕು. ಚುರುಮುರಿ, ಮಂಡಕ್ಕಿ ಮಿರ್ಚಿ, ನಿಮ್ಮ ಕಡೆ ಏನು ಓಡುತ್ತದೋ ಅದು. ಯಾವುದಾದರೂ ವಿದ್ಯಾರ್ಥಿ ಸಂಘಕ್ಕೆ ಬಿಟ್ಟುಕೊಡಿ, ಲಾಭ ಅವರಿಗೆ, ಜನ ಕರೆತರುವ ಕೆಲಸವೂ ಅವರಿಗೆ. ಎದುರಿನ ಬೇಕರಿಯವರನ್ನು, ಜೆರಾಕ್ಸ್ ಅಂಗಡಿಯವರನ್ನು ಚಿಕ್ಕ ಪ್ರಾಯೋಜಕರಾಗಲು ಕೇಳಿ. ಬದಲಿಗೆ ಬಟ್ಟೆಯ ಬ್ಯಾನರ್ ಮೇಲೆ ಹೆಸರು, ಮೈಕಿನಲ್ಲಿ ಎರಡು ಸಲ ಪ್ರಸ್ತಾಪ.

ಸೆಮಿಸ್ಟರ್‌ಗೆ ಒಂದು ದೊಡ್ಡ ರಾತ್ರಿ

ಅಮೆರಿಕದ ಇಂಡಿಯಾನಾ ರಾಜ್ಯದ ಅಪ್‌ಲ್ಯಾಂಡ್ ಅನ್ನುವ ಪುಟ್ಟ ಊರಿನಲ್ಲಿ ಟೇಲರ್ ವಿಶ್ವವಿದ್ಯಾಲಯ ಅಂತ ಒಂದಿದೆ. ದೊಡ್ಡ ಹೆಸರಿನ ತಂಡವೇನಲ್ಲ. ಆದರೆ ಡಿಸೆಂಬರ್ ಪರೀಕ್ಷೆಗೆ ಮುಂಚಿನ ಶುಕ್ರವಾರದ ಪಂದ್ಯಕ್ಕೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ವಿದ್ಯಾರ್ಥಿಗಳು ಬಗೆಬಗೆಯ ವೇಷದಲ್ಲಿ ಬಂದು ಪಿಟಕ್ ಅನ್ನದೆ ಕೂರುತ್ತಾರೆ. ತಮ್ಮ ತಂಡ ಹತ್ತನೇ ಪಾಯಿಂಟ್ ಹಾಕುವವರೆಗೆ ಇಡೀ ಒಳಾಂಗಣ ಮೌನ. ಹತ್ತನೆಯದು ಬಿದ್ದ ಕ್ಷಣ ಛಾವಣಿ ಹಾರುವಂತೆ ಕೂಗು. ಎಷ್ಟೋ ವರ್ಷದಿಂದ ನಡೆದುಕೊಂಡು ಬಂದಿದೆ, ಅದಕ್ಕೆ ಖರ್ಚು ಅಂತ ಏನೂ ಇಲ್ಲ.

ನಿಮ್ಮದೇ ಒಂದು ಪದ್ಧತಿ ಹುಟ್ಟುಹಾಕಿ. ರಾಜ್ಯೋತ್ಸವದ ವಾರ ಎಲ್ಲರೂ ಹಳದಿ ಕೆಂಪು ತೊಟ್ಟು ಬರುವ ಪಂದ್ಯ ಆಗಬಹುದು, ಹಳೆಯ ವಿದ್ಯಾರ್ಥಿಗಳು ತಮ್ಮ ಕಾಲದ ಜೆರ್ಸಿ ಹಾಕಿ ಬರುವ ಸಂಜೆ ಆಗಬಹುದು. ಪ್ರತಿ ವರ್ಷ ಅದೇ ವಾರ ಇಡಿ. ಮೂರನೇ ವರ್ಷಕ್ಕೆ ಸೀನಿಯರ್‌ಗಳೇ ಜೂನಿಯರ್‌ಗಳಿಗೆ ಹೇಳಿಕೊಡುತ್ತಾರೆ.

ಮಾಡಬಾರದ ಒಂದು ಕೆಲಸ

ಹಾಜರಾತಿ ಕೊಡುತ್ತೇವೆ, ಬಾರದಿದ್ದರೆ ಕಟ್ ಮಾಡುತ್ತೇವೆ ಅಂತ ಹೇಳಿ ಕ್ಲಾಸುಗಟ್ಟಲೆ ಹುಡುಗರನ್ನು ತಂದು ಕೂರಿಸಬೇಡಿ. ಫೋಟೋದಲ್ಲಿ ಜನ ಕಾಣುತ್ತಾರೆ. ಎಲ್ಲರ ಕೈಯಲ್ಲಿ ಮೊಬೈಲ್, ಯಾರ ಕಣ್ಣೂ ಕೋರ್ಟಿನ ಮೇಲೆ ಇರುವುದಿಲ್ಲ. ಆಡುವವರಿಗೆ ಅದು ಖಾಲಿ ಬೆಂಚಿಗಿಂತ ಜಾಸ್ತಿ ನೋವು ಕೊಡುತ್ತದೆ. ಹಾಗೆ ಬಂದವರು ಮತ್ತೆ ತಾವಾಗಿ ಬರುವುದೂ ಇಲ್ಲ.

ಪಂದ್ಯ ಮುಗಿದ ಮೇಲಿನ ಐದು ನಿಮಿಷ

ಗೆದ್ದಾಗ ಎಲ್ಲರೂ ಸೆಲ್ಫಿಗೆ ನಿಲ್ಲುತ್ತಾರೆ. ಸೋತಾಗ ತಂಡ ತಲೆ ತಗ್ಗಿಸಿ ಡ್ರೆಸ್ಸಿಂಗ್ ರೂಮಿಗೆ ಹೋಗಿಬಿಡುತ್ತದೆ. ಇದನ್ನು ಕೋಚ್ ಮೊದಲೇ ಬದಲಿಸಬೇಕು. ಎದುರು ತಂಡದ ಕೈಕುಲುಕಿದ ಮೇಲೆ ಹನ್ನೆರಡೂ ಜನ ಜಮಖಾನದ ಮೊದಲ ಸಾಲಿನಿಂದ ಹಿಂದಿನವರವರೆಗೆ ಹೋಗಿ ಕೈಕೊಟ್ಟು, ಬಂದದ್ದಕ್ಕೆ ಥ್ಯಾಂಕ್ಸ್ ಹೇಳಬೇಕು. ಮೂವತ್ತು ಪಾಯಿಂಟಿನಿಂದ ಸೋತ ದಿನವೂ ತಪ್ಪಿಸಬಾರದು, ಆ ದಿನ ಇನ್ನೂ ಮುಖ್ಯ. ಬೆವರಿನ ಕೈ ಕುಲುಕಿ "ಮುಂದಿನ ಶುಕ್ರವಾರ ಬನ್ನಿ ಅಕ್ಕ" ಅಂತ ಒಬ್ಬ ಫಸ್ಟ್ ಇಯರ್ ಹುಡುಗ ಕೇಳಿದರೆ ಸೀನಿಯರ್ ಬಾರದೇ ಇರುತ್ತಾಳಾ?

ಎಣಿಸಿ, ಬರೆದಿಡಿ

ಒಬ್ಬ ಎನ್‌ಎಸ್‌ಎಸ್ ಸ್ವಯಂಸೇವಕರು ಪ್ರತಿ ಪಂದ್ಯದಲ್ಲಿ ಎರಡು ಸಲ ತಲೆ ಎಣಿಸಲಿ, ಮೊದಲ ಕ್ವಾರ್ಟರ್ ಮುಗಿದಾಗ ಒಮ್ಮೆ, ನಾಲ್ಕನೆಯದು ಶುರುವಾದಾಗ ಒಮ್ಮೆ. ಮೊದಲ ಲೆಕ್ಕ ಕಡಿಮೆ ಇದ್ದರೆ ಸುದ್ದಿ ತಲುಪಿಲ್ಲ ಅಥವಾ ಹೊತ್ತು ಸರಿಯಿಲ್ಲ ಅಂತ ತಿಳಿಯಿರಿ. ಮೊದಲನೆಯದು ಚೆನ್ನಾಗಿದ್ದು ಎರಡನೆಯದು ಬಿದ್ದರೆ ತೊಂದರೆ ಕೋರ್ಟಿನ ಹತ್ತಿರವೇ ಇದೆ: ಕೂರಲು ಜಾಗ, ಮೈಕು, ಹಾಫ್ ಟೈಮ್, ಬಸ್. ಹುಡುಗಿಯರು ಎಷ್ಟು, ಹುಡುಗರು ಎಷ್ಟು ಅಂತ ಬೇರೆಬೇರೆ ಬರೆಯಿರಿ. ಮೊದಲ ಪಂದ್ಯಕ್ಕೆ ನಲವತ್ತು ಜನ ಬಂದರೂ ಸಾಕು, ಎರಡನೆಯದಕ್ಕೆ ಅದೇ ನಲವತ್ತರಲ್ಲಿ ಎಷ್ಟು ಜನ ತಿರುಗಿ ಬಂದರು ಅನ್ನುವುದನ್ನು ನೋಡಿ. ಅವರು ತಿರುಗಿ ಬರುತ್ತಿದ್ದರೆ ದಾರಿ ಸರಿಯಿದೆ.

ಈ ಸೆಮಿಸ್ಟರ್‌ಗೇ ಶುರುಮಾಡುವುದಾದರೆ ಈ ವಾರ ಮಾಡಬೇಕಾದ್ದು ಮೂರು ಕೆಲಸ. ಅಕ್ಕಪಕ್ಕದ ಮೂವರು ಪಿ.ಡಿ.ಗಳಿಗೆ ಫೋನ್. ಇಂಟರ್ನಲ್ಸ್ ಪಟ್ಟಿ ಮುಂದಿಟ್ಟುಕೊಂಡು ಮೂರು ಶುಕ್ರವಾರ ಗುರುತು ಹಾಕುವುದು. ಆ ದಿನಾಂಕಗಳೊಂದಿಗೆ ಪ್ರಿನ್ಸಿಪಾಲರಿಗೆ, ಟ್ರಾನ್ಸ್‌ಪೋರ್ಟ್‌ನವರಿಗೆ, ವಾರ್ಡನ್‌ಗೆ ಪತ್ರ. ಸಂಜೆ ಪಂದ್ಯ ಅಂದ ಮೇಲೆ ಫ್ಲಡ್‌ಲೈಟ್ ಎರಡೂ ಉರಿಯುತ್ತವಾ ಅಂತ ಇವತ್ತೇ ಹಾಕಿ ನೋಡಿ, ಎಲೆಕ್ಟ್ರಿಷಿಯನ್ ಸಿಗುವುದಕ್ಕೇ ನಮ್ಮಲ್ಲಿ ಒಂದು ವಾರ ಬೇಕು.